ರಾಮಾಪಿಥೆಕಸ್ ಹೋಯ್ತು, ಸರಿ. ಡಾರ್ವಿನ್ ಯಾಕೆ ಹೋಗಬೇಕು?

ಮೊನ್ನೆ ಗೆಳೆಯನೊಬ್ಬ ವಾಟ್ಸಾಪ್ ಗುಂಪಿಗೆ ಒಂದು ಸಂದೇಶ ತಳ್ಳಿದ. ಸಾರಾಂಶ ಇಷ್ಟು: ಶಾಲೆಯಲ್ಲಿ ನಾವೆಲ್ಲ ಉರು ಹೊಡೆದ ರಾಮಾಪಿಥೆಕಸ್ ಮನುಷ್ಯನ ಪೂರ್ವಜನೇ ಅಲ್ಲವಂತೆ, ವಿಜ್ಞಾನಿಗಳೇ ಒಪ್ಪಿಕೊಂಡಿದ್ದಾರಂತೆ, ಅಂದಮೇಲೆ ಮಂಗನಿಂದ ಮಾನವ ಅನ್ನೋದೇ ಕಟ್ಟುಕಥೆ. ಗುಂಪಿನಲ್ಲಿ ಇಂಜಿನಿಯರುಗಳಿದ್ದಾರೆ, ಡಾಕ್ಟರೂ ಇದ್ದಾರೆ. ಒಬ್ಬರೂ ತಕರಾರು ಎತ್ತಲಿಲ್ಲ. ಹೆಬ್ಬೆರಳು ಮಾತ್ರ ಎತ್ತಿದರು!

ಅಲ್ಲೇ ಉತ್ತರ ಬರೆಯಲು ಕೂತೆ, ಉದ್ದವಾಯ್ತು. ಅದಕ್ಕೇ ಇಲ್ಲಿ ಹಾಕುತ್ತಿದ್ದೇನೆ.

ಮೊದಲು ಒಂದು ಮಾತು ಒಪ್ಪಿಬಿಡುತ್ತೇನೆ. ಸಂದೇಶದ ಮೊದಲರ್ಧ ನಿಜ. ಆದರೆ ಆ ನಿಜದ ಪೂರ್ತಿ ಕಥೆ ಗೊತ್ತಿದ್ದವರು ದ್ವಿತೀಯಾರ್ಧವನ್ನು ಬರೆಯುತ್ತಿರಲಿಲ್ಲ.

1932ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಜಿ. ಎಡ್ವರ್ಡ್ ಲೂಯಿಸ್ ಎಂಬ ತರುಣನಿಗೆ ಹಿಮಾಚಲದ ಹರಿತಲ್ಯಾಂಗರ್ ಬಳಿ, ಶಿವಾಲಿಕ್ ಬೆಟ್ಟಗಳಲ್ಲಿ, ಮೇಲ್ದವಡೆಯ ಒಂದು ತುಂಡು ಸಿಕ್ಕಿತು. ಅದಕ್ಕೆ ರಾಮನ ಹೆಸರಿಟ್ಟ. 1961ರಲ್ಲಿ ಎಲ್ವಿನ್ ಸೈಮನ್ಸ್, ಈ ದವಡೆ ಮನುಷ್ಯರ ದವಡೆಯಂತೆ ಬಾಗಿದೆ, ಇದು ನಮ್ಮ ವಂಶದ್ದೇ ಎಂದು ವಾದಿಸಿದರು. ಆಮೇಲೆ ಡೇವಿಡ್ ಪಿಲ್‌ಬೀಮ್ ಕೂಡ ದನಿಗೂಡಿಸಿದರು. ಗಮನಿಸಿ, ಕೈಯಲ್ಲಿ ಇದ್ದದ್ದು ದವಡೆಯ ಚೂರುಗಳು, ಒಂದಷ್ಟು ಹಲ್ಲು. ನಡುವಿನ ಭಾಗವೇ ಇರಲಿಲ್ಲ. ಬಾಗು ಎಷ್ಟು ಅನ್ನೋದು ಊಹೆ. ಆದರೂ ಮನುಷ್ಯನ ಕವಲು 1.4 ಕೋಟಿ ವರ್ಷಗಳ ಹಿಂದೆಯೇ ಬೇರೆಯಾಗಿತ್ತು ಅಂತ ಪಠ್ಯಪುಸ್ತಕಗಳು ಬರೆದುಕೊಂಡವು.

1967ರಲ್ಲಿ ಇದಕ್ಕೆ ತಕರಾರು ಬಂತು. ವಿನ್ಸೆಂಟ್ ಸಾರಿಚ್ ಮತ್ತು ಆಲನ್ ವಿಲ್ಸನ್ ಮೂಳೆ ಮುಟ್ಟಲೇ ಇಲ್ಲ. ಮನುಷ್ಯ, ಚಿಂಪಾಂಜಿ, ಗೊರಿಲ್ಲಾಗಳ ರಕ್ತದ ಪ್ರೋಟೀನು ಹೋಲಿಸಿ, ನಾವು ಇವುಗಳಿಂದ ಬೇರೆಯಾಗಿ ಸುಮಾರು 50 ಲಕ್ಷ ವರ್ಷ ಅಷ್ಟೇ ಅಂದರು. ಮೂಳೆಯವರಿಗೂ ರಕ್ತದವರಿಗೂ ವರ್ಷಗಟ್ಟಲೆ ಜಟಾಪಟಿ ನಡೆಯಿತು.

ತೀರ್ಪು ಬಂದದ್ದು ಪಾಕಿಸ್ತಾನದ ಪೋಟ್ವಾರ್ ಪ್ರಸ್ಥಭೂಮಿಯಿಂದ. ಅಲ್ಲಿ ಶಿವಾಪಿಥೆಕಸ್ ಎಂಬ ವಾನರದ ಮುಖದ ಮೂಳೆ ಸಿಕ್ಕಿತು. ಕಣ್ಣುಗಳ ನಡುವಿನ ಅಂತರ ಕಿರಿದು, ಕಣ್ಣುಗೂಡು ಉದ್ದ, ಮುಖ ಒಳಕ್ಕೆ ತಗ್ಗಿದ್ದು. ಥೇಟ್ ಒರಾಂಗುಟಾನ್! ರಾಮಾಪಿಥೆಕಸ್ ಅಂದುಕೊಂಡಿದ್ದೂ ಇದೇ ಗುಂಪಿನದ್ದು ಅಂತ ಗೊತ್ತಾಯ್ತು. ಹೆಸರಿನ ಮಟ್ಟಿಗಂತೂ ರಾಮ ಶಿವನಲ್ಲಿ ಐಕ್ಯನಾದ. ಮುಖ್ಯ ವಿಷಯ ಏನು ಗೊತ್ತಾ? 1982ರಲ್ಲಿ ಈ ಮುಖವನ್ನು ಜಗತ್ತಿಗೆ ತೋರಿಸಿದವರು ಅದೇ ಪಿಲ್‌ಬೀಮ್. ತಾವೇ ಕಟ್ಟಲು ನೆರವಾದ ಗೋಡೆಯನ್ನು ತಾವೇ ಕೆಡವಿದರು.

ಈಗ ಹೇಳಿ, ಇದು ಸೋಲೋ ಗೆಲುವೋ? ಜ್ಯೋತಿಷ್ಯದಲ್ಲಿ ಹೀಗೆ ಯಾರಾದರೂ "ನನ್ನ ಲೆಕ್ಕ ತಪ್ಪಿತ್ತು, ಇಗೋ ಸಾಕ್ಷಿ" ಅಂದದ್ದು ಕೇಳಿದ್ದೀರಾ? ರಾಮಾಪಿಥೆಕಸನ್ನು ಪೀಠದಿಂದ ಇಳಿಸಿದ್ದು ಪುರಾಣ ಅಲ್ಲ, ಮಂತ್ರಿಯ ಭಾಷಣ ಅಲ್ಲ. ಇನ್ನೊಂದು ಪಳೆಯುಳಿಕೆ.

ಅದೂ ಅಲ್ಲದೆ, ಒಂದು ಕಂಬ ಬಿದ್ದರೆ ಬೀಳಲು ಇದು ಒಂಟಿ ಕಂಬದ ಮಂಟಪ ಅಲ್ಲ. 1974ರಲ್ಲಿ ಇಥಿಯೋಪಿಯಾದ ಹಡಾರಿನಲ್ಲಿ ಸಿಕ್ಕ ಲೂಸಿಗೆ ಸುಮಾರು 32 ಲಕ್ಷ ವರ್ಷ. ಅವಳ ಸೊಂಟ, ಮೊಣಕಾಲಿನ ಮೂಳೆಗಳು ನೆಟ್ಟಗೆ ನಡೆಯುವವರದ್ದು. ಮಿದುಳು ಮಾತ್ರ ಹೆಚ್ಚುಕಮ್ಮಿ ಚಿಂಪಾಂಜಿಯಷ್ಟು. ಮಧ್ಯದ ಕೊಂಡಿ ತೋರಿಸಿ ಅಂತೀರಲ್ಲ, ಇನ್ನು ಹೇಗಿರಬೇಕು ಸ್ವಾಮಿ? ಕಾಲ ಹೇಗೆ ಗೊತ್ತು ಅಂದಿರಾ? ಅಲ್ಲಿಯ ಜ್ವಾಲಾಮುಖಿ ಬೂದಿಯ ಪದರಗಳಲ್ಲಿರುವ ಪೊಟ್ಯಾಸಿಯಮ್ ನಿಧಾನವಾಗಿ, ಒಂದೇ ಗತಿಯಲ್ಲಿ ಆರ್ಗಾನ್ ಆಗುತ್ತಾ ಹೋಗುತ್ತದೆ. ಅದೇ ಗಡಿಯಾರ.

"ಮಂಗ ಮನುಷ್ಯ ಆದದ್ದನ್ನು ಯಾರೂ ನೋಡಿಲ್ಲ" ಅನ್ನೋದು ಇನ್ನೊಂದು ವಾದ. 2018ರಲ್ಲಿ ಕೇಂದ್ರದ ರಾಜ್ಯ ಸಚಿವರಾಗಿದ್ದ ಸತ್ಯಪಾಲ್ ಸಿಂಗ್ ಇದನ್ನೇ ಹೇಳಿದ್ದರು. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಒಟ್ಟಾಗಿ ಅದು ತಪ್ಪು ಅಂದವು. ನಮ್ಮ ಮಲೆನಾಡಿನಲ್ಲಿ ರಾತ್ರಿ ಬಾಳೆತೋಟಕ್ಕೆ ಆನೆ ನುಗ್ಗಿದ್ದನ್ನೂ ಎಷ್ಟೋ ಸಲ ಯಾರೂ ನೋಡಿರುವುದಿಲ್ಲ. ಬೆಳಿಗ್ಗೆ ಮುರಿದ ಬಾಳೆ, ಲದ್ದಿ, ಹೆಜ್ಜೆ ನೋಡಿ "ಆನೆ ಬಂದಿತ್ತು" ಅಂತೀವಿ ತಾನೆ? ಟಾಂಜಾನಿಯಾದ ಲೇಟೋಲಿಯಲ್ಲೂ ಹೆಜ್ಜೆಗಳೇ ಇವೆ. 1978ರಲ್ಲಿ ಮೇರಿ ಲೀಕಿಯವರ ತಂಡಕ್ಕೆ ಸಿಕ್ಕಿದ್ದು. ಸುಮಾರು 36 ಲಕ್ಷ ವರ್ಷ ಹಿಂದೆ ಹಸಿ ಬೂದಿಯ ಮೇಲೆ ಎರಡೇ ಕಾಲಲ್ಲಿ ಯಾರೋ ನಡೆದುಹೋಗಿದ್ದಾರೆ. ಹೆಬ್ಬೆರಳು ನಮ್ಮದರಂತೆ ಉಳಿದ ಬೆರಳುಗಳ ಸಾಲಿನಲ್ಲೇ ಇದೆ.

ಇನ್ನು ಆ "ಮಂಗನಿಂದ ಮಾನವ" ಅನ್ನೋ ಮಾತನ್ನೇ ಬಿಟ್ಟುಬಿಡೋಣ. ಈಗಿನ ಮಂಗ, ಚಿಂಪಾಂಜಿ ಯಾವುದೂ ನಮ್ಮ ಅಜ್ಜ ಅಲ್ಲ, ದಾಯಾದಿಗಳು. ಮೂಲಪುರುಷ ಒಬ್ಬನೇ, ಆಮೇಲೆ ಮನೆ ಪಾಲಾಯ್ತು. ದಾಯಾದಿ ಇನ್ನೂ ಬದುಕಿದ್ದಾನೆ ಅಂದ ಮಾತ್ರಕ್ಕೆ ನಾನು ಹುಟ್ಟೇ ಇಲ್ಲ ಅನ್ನಲಾಗುತ್ತದೆಯೇ?

ನನ್ನ ಸಿಟ್ಟು ಗೆಳೆಯನ ಮೇಲಲ್ಲ. ಅವನಿಗೆ ಹೀಗೆ ಕಲಿಸಿದ ರೀತಿಯ ಮೇಲೆ. 2000ದ ದಶಕದಲ್ಲಿ ಬಂದ ಎನ್‌ಸಿಇಆರ್‌ಟಿಯ 12ನೇ ತರಗತಿಯ ಜೀವಶಾಸ್ತ್ರ ಪುಸ್ತಕದಲ್ಲೂ ರಾಮಾಪಿಥೆಕಸ್ "ಹೆಚ್ಚು ಮನುಷ್ಯನಂಥದ್ದು" ಎಂದೇ ಇತ್ತು. ಪಿಲ್‌ಬೀಮ್ ಕೈಬಿಟ್ಟು ಇಪ್ಪತ್ತು ವರ್ಷ ದಾಟಿದ್ದರೂ! ಹೆಸರು ಉರು ಹೊಡೆಸಿದರು, ಹೇಗೆ ಗೊತ್ತಾಯ್ತು ಅಂತ ಹೇಳಲೇ ಇಲ್ಲ. ಹಾಗಾಗಿ ಹೆಸರು ಬಿದ್ದ ದಿನ ನಂಬಿಕೆಯೂ ಬಿತ್ತು. ಮಾಡಬೇಕಾಗಿದ್ದದ್ದು ಪಾಠ ತಿದ್ದುವುದು. ಮಾಡಿದ್ದು ಬೇರೆ. ಅದೇ ಎನ್‌ಸಿಇಆರ್‌ಟಿಯ 10ನೇ ತರಗತಿಯ ಪುಸ್ತಕದಲ್ಲಿ "ಅನುವಂಶೀಯತೆ ಮತ್ತು ವಿಕಾಸ" ಇದ್ದ ಪಾಠ ಬರೀ "ಅನುವಂಶೀಯತೆ" ಆಯಿತು. 2023ರಲ್ಲಿ 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಇದನ್ನು ವಿರೋಧಿಸಿ ಸಹಿ ಹಾಕಿದರು. 12ನೇ ತರಗತಿಯಲ್ಲಿ ಇದೆಯಲ್ಲ ಅನ್ನೋದು ಸಮಜಾಯಿಷಿ. ಹತ್ತರ ನಂತರ ಕಾಮರ್ಸ್, ಆರ್ಟ್ಸ್, ಐಟಿಐ ಸೇರುವ ಮಕ್ಕಳ ಗತಿ? ಅವರಿಗೆ ಸಿಗೋದು ವಾಟ್ಸಾಪ್ ಪಾಠವೊಂದೇ.

ನಾನಾಗಿದ್ದರೆ ಮಕ್ಕಳಿಗೆ ರಾಮಾಪಿಥೆಕಸ್ ಕಥೆಯನ್ನೇ ಮೊದಲು ಹೇಳುತ್ತಿದ್ದೆ. ಸಿಕ್ಕಿದ್ದು, ತಪ್ಪು ತಿಳಿದದ್ದು, ಜಗಳ ಆಡಿದ್ದು, ಒಪ್ಪಿಕೊಂಡದ್ದು, ಎಲ್ಲಾ. ನಮ್ಮ ನೆಲದ್ದೇ ಕಥೆ ಬೇರೆ.

ಈ ಕೊಂಡಿಯನ್ನು ಗುಂಪಿಗೂ ಹಾಕಿದ್ದೇನೆ. ಇಲ್ಲಿಯವರೆಗೆ ಹೆಬ್ಬೆರಳು ಒಂದೂ ಬಂದಿಲ್ಲ :)