ಹಸು ಸತ್ತ ಸಂಜೆಯೇ ಬನ್ನಿ: ಅರಣ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರಾದ ಈಶ್ವರ ಖಂಡ್ರೆಯವರೇ,

2025ರ ಜೂನ್ 26ರಂದು ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ ಒಂದು ತಾಯಿ ಹುಲಿಯೂ ಅದರ ನಾಲ್ಕು ಮರಿಗಳೂ ಶವವಾಗಿ ಸಿಕ್ಕವು. ಹುಲಿ ಕೊಂದಿದ್ದ ಹಸುವಿನ ಮೈಗೆ ವಿಷ ಹಾಕಲಾಗಿತ್ತು. ಸೆಪ್ಟೆಂಬರಿನಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಬೊಮ್ಮಲಾಪುರದವರು ಹುಲಿಗೆಂದು ತಂದ ಬೋನಿನೊಳಗೆ ಅರಣ್ಯ ಸಿಬ್ಬಂದಿಯನ್ನೇ ಕೂಡಿಹಾಕಿದರು. ಅಕ್ಟೋಬರಿನಲ್ಲಿ ಹನೂರಿನ ಪಚ್ಚೆದೊಡ್ಡಿ ಬಳಿ ಇನ್ನೊಂದು ಹುಲಿಯ ದೇಹ ತುಂಡಾಗಿ ಸಿಕ್ಕಿತು. ಇವೆಲ್ಲ ತಪ್ಪು, ರಾಸು ಕಟ್ಟಿಕೊಂಡು ಬದುಕುವವರ ಕಡೆಯಿಂದಲೇ ಈ ಮಾತು ಬರಬೇಕು ಎಂದು ಮೊದಲೇ ಹೇಳುತ್ತಿದ್ದೇನೆ. ತಪ್ಪಿತಸ್ಥರನ್ನು ಹಿಡಿದಿರಿ, ಸರಿ. ಆದರೆ ಒಂದು ಜಿಲ್ಲೆಯಲ್ಲಿ ನಾಲ್ಕು ತಿಂಗಳೊಳಗೆ ಹೀಗೆ ಮೇಲಿಂದ ಮೇಲೆ ನಡೆದರೆ ಬರೀ ಬಂಧನದಿಂದ ಅದು ನಿಲ್ಲುವುದಿಲ್ಲ.

ಹುಲಿ ಕೆಡವಿದ ಹಸುವನ್ನು ಒಂದೇ ಹೊತ್ತಿಗೆ ತಿಂದು ಮುಗಿಸುವುದಿಲ್ಲ. ಕತ್ತಲಾದ ಮೇಲೆ ಮತ್ತೆ ಅಲ್ಲಿಗೇ ಬರುತ್ತದೆ. ದನ ಕಾಯುವ ಪ್ರತಿಯೊಬ್ಬನಿಗೂ ಇದು ಗೊತ್ತು. ಸಾಲ ಮಾಡಿ ತಂದ ಹಸು, ಡೇರಿಗೆ ಹಾಲು ಹಾಕಿ ಮನೆಯ ಖರ್ಚು ನಡೆಸುತ್ತಿದ್ದ ಹಸು, ಕಣ್ಣೆದುರು ಬಿದ್ದಿದೆ. ಬೆಳೆಗೆ ಹೊಡೆಯುವ ಔಷಧಿ ಮನೆಯಲ್ಲೇ ಇದೆ. ಪರಿಹಾರಕ್ಕಾದರೆ ಗಾರ್ಡ್ ಬರಬೇಕು, ಪಶುವೈದ್ಯರು ಬರಬೇಕು, ಮಹಜರು ಆಗಬೇಕು, ಕಾಗದ ಪತ್ರ ಕೊಡಬೇಕು. ಕಾಡಿನ ಗಡಿಯೊಳಗೆ ಸತ್ತಿದೆ ಎಂದುಬಿಟ್ಟರೆ ಏನೂ ಸಿಗದೆಂಬ ಭಯ ಬೇರೆ. ಇನ್ನೊಬ್ಬರ ದನವನ್ನು ಕೂಲಿಗೆ ಮೇಯಿಸುವವನ ಪಾಡು ಇನ್ನೂ ಕಷ್ಟ: ರಾಸು ಅವನದಲ್ಲ, ಹೊಣೆ ಮಾತ್ರ ಅವನದು. ವಿಷ ಹಾಕುವ ತೀರ್ಮಾನ ಹುಟ್ಟುವುದು ಇಂಥ ಕೆಲವೇ ಗಂಟೆಗಳಲ್ಲಿ. ಆ ಗಂಟೆಗಳಲ್ಲಿ ಅವನ ಪಕ್ಕದಲ್ಲಿ ಊರಿನವರು ನಾಲ್ಕು ಜನ, ಕೈಗೆ ಕೊಡಲು ಒಂದಿಷ್ಟು ಹಣ ಇಟ್ಟುಕೊಂಡು, ನಿಂತಿರುವಂತೆ ಮಾಡಿ ಎಂದು ಕೇಳಲು ಈ ಪತ್ರ.

ಇದು ಆಗದ ಮಾತಲ್ಲ. ಬಂಡೀಪುರದ ಅಂಚಿನಲ್ಲಿ ಮಾರಿಯಮ್ಮ ಚಾರಿಟಬಲ್ ಟ್ರಸ್ಟ್, ಹುಲಿ ಚಿರತೆಗಳಿಗೆ ರಾಸು ಕಳೆದುಕೊಂಡವರಿಗೆ ಮಧ್ಯಂತರ ಪರಿಹಾರ ಕೊಡುತ್ತ ಬಂದಿದೆ. ಸೆಂಟರ್ ಫಾರ್ ವೈಲ್ಡ್‌ಲೈಫ್ ಸ್ಟಡೀಸ್ ಸಂಸ್ಥೆ 2015ರಲ್ಲಿ ಬಂಡೀಪುರ ನಾಗರಹೊಳೆ ಸುತ್ತ ಶುರುಮಾಡಿದ ‘ವೈಲ್ಡ್ ಸೇವೆ’ಗೆ ಕರೆ ಮಾಡಿದರೆ ಊರಿಗೇ ಬಂದು ಪರಿಹಾರದ ಅರ್ಜಿ ಹಾಕಿಸಿಕೊಡುತ್ತಾರೆ. ಒಳ್ಳೆಯ ಕೆಲಸಗಳು. ಆದರೂ ಸಂಸ್ಥೆಗಳ ಆಸರೆ ಎಲ್ಲ ಊರಿಗೂ ಎಟುಕದು, ಊರಿನದೇ ಆದ ವ್ಯವಸ್ಥೆ ಬೇಕು. ಅಮೆರಿಕದ ಮೊಂಟಾನಾ ರಾಜ್ಯದ ಬ್ಲ್ಯಾಕ್‌ಫುಟ್ ಕಣಿವೆಯಲ್ಲಿ ದನ ಸಾಕುವವರೇ ನೆರೆಹೊರೆಯವರ ಜೊತೆ ಸೇರಿ 1993ರಲ್ಲಿ ಒಂದು ಸಂಘ ಕಟ್ಟಿಕೊಂಡರು. ಸತ್ತ ರಾಸುಗಳನ್ನು ಊರೂರು ಸುತ್ತಿ ತೆಗೆಸುತ್ತಾರೆ, ಮೇಯುವ ದನದ ಮೇಲೆ ಕಣ್ಣಿಡಲು ಸವಾರರನ್ನು ನೇಮಿಸುತ್ತಾರೆ. ಅಲ್ಲಿ ಕರಡಿ, ತೋಳ. ಇಲ್ಲಿ ಹುಲಿ, ಚಿರತೆ. ಸಾಕುವವರ ಸಂಕಟ ಒಂದೇ.

ಇನ್ನು ಮೇವಿನ ಮಾತು. ಹೂಗ್ಯಂ ಘಟನೆಯ ನಂತರ, ಜುಲೈನಲ್ಲಿ, ಕಾಡಿನಲ್ಲಿ ದನ ಮೇಯಿಸುವುದನ್ನು ತಡೆಯಲು ತಾವು ಸೂಚಿಸಿದಿರಿ. ಕಾಡಿಗೆ ದನದ ಹೊರೆ ಹೆಚ್ಚಾಗಿದೆ ಎಂಬುದನ್ನು ಒಪ್ಪುತ್ತೇನೆ. ಅದೆಲ್ಲ ಹಾಲಿಗಾಗಿ ಸಾಕಿದ ದನವೂ ಅಲ್ಲ: ಬಂಡೀಪುರದ ಅಂಚಿನ ಹಳ್ಳಿಗಳ ಸಗಣಿ ಗೊಬ್ಬರ ಕಾಫಿ ತೋಟಗಳಿಗೆ ಮಾರಾಟವಾಗುವುದನ್ನೂ, ಅದಕ್ಕೆಂದೇ ಜನ ದನ ಇಟ್ಟುಕೊಳ್ಳುವುದನ್ನೂ ಎಂ.ಡಿ. ಮಧುಸೂದನ್ ಅವರು 2005ರ ಅಧ್ಯಯನದಲ್ಲೇ ತೋರಿಸಿದ್ದಾರೆ. ಆದರೆ ಕಾಡಿನಿಂದ ಹೊರಗೆ ಹಾಕಿದ ದನ ಎಲ್ಲಿಗೆ ಹೋಗಬೇಕು? ನೂರು ರಾಸಿಗೆ 12 ಹೆಕ್ಟೇರ್, ಎಂದರೆ ಸುಮಾರು 30 ಎಕರೆ ಗೋಮಾಳ ಇರಬೇಕೆಂದು ಕರ್ನಾಟಕ ಭೂಕಂದಾಯ ನಿಯಮವೇ ಹೇಳುತ್ತದೆ. ಅಷ್ಟು ಗೋಮಾಳ ಉಳಿದಿರುವ ಊರನ್ನು ಹುಡುಕಿ ತೋರಿಸಲು ಕಂದಾಯ ಇಲಾಖೆಗೆ ಹೇಳಿ. ಒತ್ತುವರಿಯಾಗಿದೆ, ಮಂಜೂರಾಗಿದೆ, ಉಳಿದದ್ದಕ್ಕೆ ಜಾಲಿ ಬೆಳೆದಿದೆ. ಕಾಡಿನೊಳಗೂ ಲಂಟಾನ ಹುಲ್ಲನ್ನು ನುಂಗಿದೆ. ಹುಲ್ಲು ಹೋದರೆ ಜಿಂಕೆ ಕಡವೆಗಳಿಗೂ ಮೇವಿಲ್ಲ, ಅವು ಕಡಿಮೆಯಾದಲ್ಲಿ ಹುಲಿಯ ಕಣ್ಣು ನಮ್ಮ ಕೊಟ್ಟಿಗೆಯ ಮೇಲೆ. ಹಾಗಾಗಿ ಗೋಮಾಳ ಅಳೆಸುವ ಕೆಲಸ ಹುಲಿ ಉಳಿಸುವ ಕೆಲಸವೇ, ಅದನ್ನು ಕಂದಾಯದವರ ಫೈಲಿನಲ್ಲಿ ಬಿಟ್ಟು ಕೂರಬೇಡಿ.

ಆದ್ದರಿಂದ ನಮ್ಮ ಬೇಡಿಕೆ ಇದು. ಬಂಡೀಪುರ, ಬಿಳಿಗಿರಿ, ಮಹದೇಶ್ವರ ಬೆಟ್ಟದ ಅಂಚಿನ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ರಾಸು ಸಾಕುವವರದೇ ಒಂದು ಸಮಿತಿ ಮಾಡಿ. ಕೂಲಿಗೆ ದನ ಕಾಯುವವರಿಗೂ ಸೋಲಿಗರಿಗೂ ಅದರಲ್ಲಿ ಸ್ಥಾನವಿರಲಿ. ಸಮಿತಿಯ ಕೈಯಲ್ಲಿ ಒಂದು ತುರ್ತು ನಿಧಿ ಇಡಿ; ರಾಸು ಸತ್ತ ದಿನವೇ ಪರಿಹಾರದ ಮೊದಲ ಕಂತು ಮನೆ ಮುಟ್ಟಲಿ, ಉಳಿದದ್ದು ಮಹಜರಿನ ನಂತರ ಬರಲಿ. ಸತ್ತ ರಾಸಿಗೆ ಯಾರೂ ವಿಷ ಸೋಕಿಸದಂತೆ ಕಾಯುವ ಹೊಣೆ ನಮ್ಮದು. ಅದು ತಪ್ಪಿದರೆ ನಿಧಿ ನಿಲ್ಲಿಸಿ, ನಾವು ಆಕ್ಷೇಪಿಸುವುದಿಲ್ಲ. ಎಲ್ಲಿ, ಯಾವ ತಿಂಗಳು, ಎಷ್ಟು ದನ ಮೇಯಬಹುದೆಂದು ಸಮಿತಿಯೂ ಇಲಾಖೆಯೂ ಒಟ್ಟಿಗೆ ಕುಳಿತು ಗೊತ್ತು ಮಾಡಲಿ.

ಬೋನು, ಡ್ರೋನ್, ಸಾಕಾನೆಗಳನ್ನು ತಂದು ಹುಲಿ ಹಿಡಿಯುವ ಕಾರ್ಯಾಚರಣೆಗಿಂತ ಇದಕ್ಕೆ ಆಗುವ ಖರ್ಚು ಹೆಚ್ಚಲ್ಲ. ಮೊದಲು ಐದು ಪಂಚಾಯಿತಿಗಳಲ್ಲಿ ಮಾಡಿ ನೋಡಿ. ಮುಂದಿನ ಹಸು ಸಾಯುವ ಮೊದಲೇ ಆದೇಶ ಹೊರಡಿಸಿ.

ಇಂತಿ,
ಹರದನಹಳ್ಳಿಯ ಒಬ್ಬ ರೈತ