ದಸರೆಗೆ ಹೊರಟು ಬೇಸಿಗೆ ರಜೆ ಮುಗಿಸಿ ಬಂದವರು

ದಸರಾ ರಜೆ ಬಿಡುವ ಮುನ್ನಾದಿನ ಬೈಲಹೊಂಗಲದ ಒಂದು ಪ್ರೌಢಶಾಲೆಗೆ ಹೋಗಿದ್ದೆ. ಭಾಷಣ ಮಾಡಲು ಕರೆದಿದ್ದರು. ರಜೆಯ ಹಿಂದಿನ ದಿನ ಭಾಷಣ ಕೇಳುವ ಮನಸ್ಸು ಯಾವ ಮಗುವಿಗಿರುತ್ತದೆ? ಆದ್ದರಿಂದ ನಾನೇ ಕೇಳುತ್ತ ಹೋದೆ: ರಜೆಯಲ್ಲಿ ಏನು ಮಾಡುತ್ತೀರಿ? ಒಬ್ಬ ರಾಮದುರ್ಗದ ಅಜ್ಜಿಯ ಮನೆಗೆ ಎಂದ. ಇನ್ನೊಬ್ಬ ಹೊಲದಲ್ಲಿ ಶೇಂಗಾ ಕೀಳುವುದಿದೆ ಎಂದ. ನಾಲ್ಕಾರು ಮಂದಿ ಕಿತ್ತೂರು ಉತ್ಸವ ಎಂದರು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ನಾ ಹಡಗಿನ್ಯಾಗ ಇರಬೇಕಂತ ಮಾಡೇನ್ರೀ ಸರ, ದೀಪಾವಳಿ ಮುಗಿಯೂತನಾ" ಎಂದಳು. ತರಗತಿಯೆಲ್ಲ ನಕ್ಕಿತು. ಅವಳು ನಗಲಿಲ್ಲ.

ಇಬ್ಬರು ಹೆಣ್ಣುಮಕ್ಕಳು ಹಾಯಿದೋಣಿಯಲ್ಲಿ ಭೂಮಿ ಸುತ್ತಿ ಬಂದ ಸುದ್ದಿಯನ್ನು ಅವಳು ಓದಿದ್ದಳು. ಆ ಸಂಗತಿಯನ್ನು ನಮ್ಮ ಕ್ಯಾಲೆಂಡರಿನ ಲೆಕ್ಕದಲ್ಲೇ ಹೇಳಿದರೆ ಸ್ವಾರಸ್ಯ ಹೆಚ್ಚು. ನೌಕಾಪಡೆಯ ಲೆಫ್ಟಿನೆಂಟ್ ಕಮಾಂಡರ್ ದಿಲ್ನಾ ಕೆ. ಮತ್ತು ಲೆಫ್ಟಿನೆಂಟ್ ಕಮಾಂಡರ್ ರೂಪಾ ಎ. 'ತಾರಿಣಿ' ಎಂಬ ಹಾಯಿದೋಣಿಯಲ್ಲಿ ಗೋವಾದಿಂದ ಹೊರಟದ್ದು 2024ರ ಅಕ್ಟೋಬರ್ 2ರಂದು. ಅಂದು ಮಹಾನವಮಿ ಅಮಾವಾಸ್ಯೆ. ನಾವು ಮನೆಯಲ್ಲಿ ಘಟ್ಟ ಹಾಕುವ ಹೊತ್ತಿಗೆ ಅವರು ಅರಬ್ಬಿ ಸಮುದ್ರದಲ್ಲಿದ್ದರು. ಬನ್ನಿ ಕೊಡುವ ದಿನವೂ ನೀರಿನ ಮೇಲೆ, ದೀಪಾವಳಿಯೂ ನೀರಿನ ಮೇಲೆ. ಮೊದಲ ಸಲ ನೆಲ ಮುಟ್ಟಿದ್ದು ನವೆಂಬರ್ 9ರಂದು, ಆಸ್ಟ್ರೇಲಿಯದ ಫ್ರೀಮ್ಯಾಂಟಲ್ ಬಂದರಿನಲ್ಲಿ. ಕ್ರಿಸ್‌ಮಸ್ಸಿಗೆ ಮೂರು ದಿನ ಮೊದಲು ನ್ಯೂಜಿಲೆಂಡಿನ ಲಿಟಲ್‌ಟನ್ ತಲುಪಿ, ಹೊಸ ವರ್ಷವನ್ನು ಅಲ್ಲೇ ಕಂಡು, ಜನವರಿ 4ರಂದು ಮತ್ತೆ ಹಾಯಿ ಬಿಚ್ಚಿದರು. ನಾವು ಎಳ್ಳು ಬೆಲ್ಲ ಹಂಚುವಾಗ ಅವರು ಪೆಸಿಫಿಕ್ ಸಾಗರದ ದಕ್ಷಿಣದ ತುದಿಯಲ್ಲಿದ್ದರು. ಗೋವಾಕ್ಕೆ ಮರಳಿದ್ದು 2025ರ ಮೇ 29ರಂದು, ಇಲ್ಲಿ ಬೇಸಿಗೆ ರಜೆ ಮುಗಿದು ಶಾಲೆಗಳ ಬಾಗಿಲು ತೆರೆಯುವ ಹೊತ್ತಿಗೆ. ಸಾಗಿದ ದಾರಿ ಸುಮಾರು 25,400 ನಾಟಿಕಲ್ ಮೈಲು. ಕಿಲೋಮೀಟರಿನಲ್ಲಿ 47 ಸಾವಿರ.

ಈ ದಾರಿಯಲ್ಲಿ ಭೂಗೋಳದ ಪಾಠಗಳು ತಾವಾಗಿ ಎದುರಾಗುತ್ತವೆ. ನ್ಯೂಜಿಲೆಂಡ್ ದಾಟಿ ಪೂರ್ವಕ್ಕೆ ಹೊರಟವರಿಗೆ ಅಂತರರಾಷ್ಟ್ರೀಯ ದಿನರೇಖೆ ಸಿಗುತ್ತದೆ. ಅದನ್ನು ದಾಟಿದರೆ ಒಂದೇ ತಾರೀಖು ಎರಡು ಸಲ ಬರುತ್ತದೆ. ರಜೆಯಲ್ಲಿ ಒಂದು ದಿನ ಪುಕ್ಕಟೆ! ಮುಂದೆ 'ಪಾಯಿಂಟ್ ನೀಮೊ' ಎಂಬ ಸ್ಥಳ. ಅಲ್ಲಿಂದ ಅತಿ ಹತ್ತಿರದ ನೆಲವೇ 2,688 ಕಿಲೋಮೀಟರ್ ದೂರ. ತಲೆಯ ಮೇಲೆ ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ ಬಾಹ್ಯಾಕಾಶ ನಿಲ್ದಾಣ ಹಾದುಹೋದರೆ, ಅದರಲ್ಲಿರುವವರೇ ನಿಮಗೆ ಅತ್ಯಂತ ಸಮೀಪದ ನೆರೆಹೊರೆಯವರು. ತಾರಿಣಿ ಆ ನೀರನ್ನೂ ದಾಟಿ ಬಂದಿತು.

ಆದರೆ ಹಡಗಿನ ಮೇಲೆ ಹಬ್ಬ ಎಂದರೆ ಮಕ್ಕಳ ಕಣ್ಣಿಗೆ ಬೇರೆಯೇ ಚಿತ್ರ ಬರುತ್ತದೆ. ತಾರಿಣಿಯ ಉದ್ದ ಸುಮಾರು 17 ಮೀಟರ್. ಅದರೊಳಗೇ ಅಡಿಗೆ, ಅದರೊಳಗೇ ಮಲಗುವುದು, ಅದರೊಳಗೇ ಹಾಯಿ ಹೊಲಿಯುವುದು, ಕೆಟ್ಟ ಯಂತ್ರ ಬಿಚ್ಚುವುದು. ಇಬ್ಬರೇ ಇರುವುದರಿಂದ ಒಬ್ಬರು ಮಲಗಿದರೆ ಇನ್ನೊಬ್ಬರು ಕಾವಲಿರಬೇಕು. ಹಬ್ಬದ ದಿನವಾದರೂ ಇಬ್ಬರೂ ಒಟ್ಟಿಗೆ ನೆಮ್ಮದಿಯಾಗಿ ಕಣ್ಣು ಮುಚ್ಚುವಂತಿಲ್ಲ. ಇಂಥ ದೋಣಿಗಳಲ್ಲಿ ಸಮುದ್ರದ ನೀರನ್ನು ಸಿಹಿ ಮಾಡುವ ಯಂತ್ರವಿರುತ್ತದೆ. ಅದು ಮುನಿಸಿಕೊಂಡರೆ ಮಳೆನೀರು ಹಿಡಿಯಬೇಕು. ಗಾಳಿ ಜೋರಾದಾಗ ಡೆಕ್ಕಿನ ಮೇಲೆ ಬರುವವರು ಮೈಗೆ ಪಟ್ಟಿ ಕಟ್ಟಿ, ಅದರ ಹಗ್ಗವನ್ನು ದೋಣಿಗೆ ಸಿಕ್ಕಿಸಿಕೊಂಡೇ ಬರಬೇಕು. ಎಷ್ಟು ಧೈರ್ಯವಂತರಾದರೂ ಇದರಲ್ಲಿ ರಿಯಾಯಿತಿ ಇಲ್ಲ.

ಇದನ್ನು ಓದುವಾಗ ನನಗೆ ನೆನಪಾಗುವುದು ನಮ್ಮ ಸವದತ್ತಿಯ ದಾರಿ. ಬನದ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡಕ್ಕೆ ಹೊರಡುತ್ತಿದ್ದ ಚಕ್ಕಡಿಗಳನ್ನು ನಿಮ್ಮ ಅಜ್ಜಂದಿರು ಕಂಡಿದ್ದಾರೆ. ಟ್ರ್ಯಾಕ್ಟರುಗಳ ನಡುವೆ ಈಗಲೂ ಕೆಲವು ಕಾಣುತ್ತವೆ. ಮೇಲೆ ತಾಡಪತ್ರಿ, ಒಳಗೆ ಒಂದು ಇಡೀ ಸಂಸಾರ. ಎತ್ತಿಗೆ ಕಣಿಕೆ, ಮನುಷ್ಯರಿಗೆ ಕಡಕ್ ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ. ದಾರಿಯಲ್ಲಿ ಕೆಡದಂಥದ್ದು ಮಾತ್ರ ಗಂಟಿಗೆ ಬರುತ್ತಿತ್ತು. ಕೊಡದ ನೀರು ಮುಂದಿನ ಭಾವಿಯ ತನಕ ಬರಬೇಕು. ರಾತ್ರಿ ಒಬ್ಬರು ಎತ್ತು ಕಾಯುತ್ತ ಎಚ್ಚರಿರಬೇಕು. ಮುನಿಸಿಕೊಂಡರೂ ಎದ್ದು ಹೋಗಲು ಬೇರೆ ಕೋಣೆ ಇಲ್ಲ. ಸಮುದ್ರದ ಅಪಾಯ ಬೇರೆ ತೂಕದ್ದು, ಒಪ್ಪುತ್ತೇನೆ. ಆದರೆ ಅಳತೆಯಲ್ಲಿ ಬದುಕುವ ಈ ಬಗೆ ನಮಗೆ ಹೊಸದಲ್ಲ. ಕೈಗೆ ಮೊಬೈಲು ಕೊಟ್ಟು ಕೋಣೆಗೊಬ್ಬರಂತೆ ಕೂಡಿಸಿದ ನಮ್ಮ ರಜೆಗಳಲ್ಲಿ ಅದು ತಪ್ಪಿಹೋಗಿದೆ ಅಷ್ಟೆ.

ಇನ್ನೊಂದು ನಂಟು ಇದಕ್ಕಿಂತ ಹತ್ತಿರದ್ದು. ತಾರಿಣಿಗೂ ಮೊದಲು ನೌಕಾಪಡೆಯ ಬಳಿ ಅದೇ ಮಾದರಿಯ ಇನ್ನೊಂದು ಹಾಯಿದೋಣಿ ಬಂದಿತ್ತು. ಕಟ್ಟಿದ್ದು ಗೋವಾದಲ್ಲಿ, ಹೆಸರು 'ಮ್ಹಾದೇಯಿ'. ಹೌದು, ನಮ್ಮ ಮಹದಾಯಿಯೇ! ಖಾನಾಪುರ ತಾಲೂಕಿನ ಕಾಡಿನಲ್ಲಿ ಹುಟ್ಟಿ ಗೋವಾದಲ್ಲಿ ಮಾಂಡೋವಿಯಾಗುವ ಹೊಳೆ. ಅದರ ಕಳಸಾ, ಬಂಡೂರಿ ಹಳ್ಳಗಳ ನೀರನ್ನು ಮಲಪ್ರಭೆಗೆ ತಿರುಗಿಸಿ ಎಂದು ಈ ಸೀಮೆಯ ರೈತರು ವರ್ಷಗಟ್ಟಲೆ ಧರಣಿ ಕುಳಿತರು. 2018ರಲ್ಲಿ ನ್ಯಾಯಾಧಿಕರಣ ಅದಕ್ಕಾಗಿ 3.9 ಟಿಎಂಸಿ ಎಂದು ತೀರ್ಪಿತ್ತಿತು. ಆ ಹೊಳೆಯ ಹೆಸರು ಹೊತ್ತ ದೋಣಿಯಲ್ಲೇ ದಿಲೀಪ್ ದೊಂಡೆ 2009-10ರಲ್ಲಿ ಒಬ್ಬಂಟಿಯಾಗಿ ಭೂಮಿ ಸುತ್ತಿದರು. ಅಭಿಲಾಷ್ ಟಾಮಿ 2012ರ ನವೆಂಬರಿನಲ್ಲಿ ಮುಂಬಯಿಯಿಂದ ಹೊರಟು, ಎಲ್ಲಿಯೂ ಬಂದರು ಮುಟ್ಟದೆ, 2013ರ ಮಾರ್ಚ್ ಕೊನೆಗೆ ಹಿಂದಿರುಗಿದರು. ನಮ್ಮ ಕಾಡಿನ ಹಳ್ಳದ ಹೆಸರು ಹೀಗೆ ಲೋಕ ಸುತ್ತಿದ್ದನ್ನು ನಮ್ಮ ಯಾವ ತರಗತಿಯಲ್ಲೂ ಹೇಳಿದ್ದು ನಾನು ಕೇಳಿಲ್ಲ.

ಹುಡುಗಿಯ ತಂದೆ ಸಂಜೆ ಪೇಟೆಯಲ್ಲಿ ಸಿಕ್ಕರು. ಹೊಲಮನೆ ಇರುವ ಸಜ್ಜನ. "ಹೊಳಿ ದಂಡಿಗೆ ಸೈತ ಹೋಗಬ್ಯಾಡ ಅಂತ ಹೇಳೇವ್ರಿ ಸರ. ಇಕಿ ನೋಡಿದ್ರ ಸಮುದ್ರದ ಮಾತಾಡ್ತಾಳ. ನಮ್ಮ ಬಯಲುಸೀಮ್ಯಾಗ ಹುಟ್ಟಿದವ್ರಿಗೆ ಇದೆಲ್ಲಾ ಆಗೂ ಮಾತೇನ್ರಿ?" ಎಂದರು.

ಅವರ ಕೊನೆಯ ಮಾತಿಗೆ ನನ್ನಲ್ಲಿ ಉತ್ತರವಿತ್ತು. ತಾರಿಣಿಯ ಮೊದಲ ಭೂಪ್ರದಕ್ಷಿಣೆಗೆ 2017ರ ಸೆಪ್ಟೆಂಬರ್ 10ರಂದು ಹೊರಟವರು ಆರು ಮಂದಿ ಮಹಿಳೆಯರು. ಮುಂದಾಳು ವರ್ತಿಕಾ ಜೋಶಿ ಉತ್ತರಾಖಂಡದವರು. ಪಾಯಲ್ ಗುಪ್ತಾ ಡೆಹ್ರಾಡೂನಿನವರು. ಪ್ರತಿಭಾ ಜಾಮ್‌ವಾಲ್ ಹಿಮಾಚಲದ ಕುಲ್ಲೂವಿನವರು. ವಿಜಯಾದೇವಿ ಮಣಿಪುರದವರು. ಐಶ್ವರ್ಯಾ ಬೊಡ್ಡಪಾಟಿ ಹೈದರಾಬಾದಿನವರು. ಆರರಲ್ಲಿ ಕಡಲ ದಂಡೆಯ ಊರಿನವರೆಂದರೆ ವಿಶಾಖಪಟ್ಟಣದ ಸ್ವಾತಿ ಒಬ್ಬರೇ! ಆ ವರ್ಷದ ದೀಪಾವಳಿಗೆ ಪ್ರಧಾನಿಯವರು ವಿಡಿಯೊ ಕರೆ ಮಾಡಿ ಶುಭ ಕೋರಿದಾಗ ಅವರಿನ್ನೂ ಫ್ರೀಮ್ಯಾಂಟಲ್ ತಲುಪಿರಲಿಲ್ಲ. ಬೆಟ್ಟದವರಿಗೆ ಆದದ್ದು ಬಯಲಿನವರಿಗೆ ಏಕೆ ಆಗದು? ಕಾರವಾರದ ಕಡಲು ಬೈಲಹೊಂಗಲದಿಂದ ಅರ್ಧ ದಿನದ ಪ್ರಯಾಣ. ಹೆಣ್ಣುಮಕ್ಕಳಿಗೆ ಸೈನಿಕ ಶಿಸ್ತಿನ ವಸತಿ ಶಾಲೆ ಕಿತ್ತೂರಿನಲ್ಲಿ ಆರಂಭವಾದದ್ದು 1969ರಷ್ಟು ಹಿಂದೆ. ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಬಾಗಿಲು ಹುಡುಗಿಯರಿಗೆ ತೆರೆದು 2022ರಲ್ಲಿ ಮೊದಲ ತಂಡ ಒಳಹೊಕ್ಕಿತು. ಇಷ್ಟನ್ನೂ ಹೇಳಿದೆ.

ಮೊದಲ ಮಾತಿಗೆ ಮಾತ್ರ ಉತ್ತರಿಸುವುದು ಕಷ್ಟವಾಯಿತು. ಹೊಳೆಯ ಭಯ ಸುಳ್ಳಲ್ಲ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಮುನವಳ್ಳಿ, ರಾಮದುರ್ಗದ ಮನೆಗಳಿಗೆ ನುಗ್ಗಿದ್ದನ್ನು ಯಾರೂ ಮರೆತಿಲ್ಲ. ನಮ್ಮ ಮನೆಯಲ್ಲೂ ಹಾಗೇ. ನನ್ನ ಸೋದರಮಾವನ ಮಗನೊಬ್ಬ ಹೊಳೆಯ ಮಡುವಿನಲ್ಲಿ ಹೋದ. ಅವನಿಗೆ ಹನ್ನೆರಡು, ನನಗೆ ಹತ್ತು. ಅಂದಿನಿಂದ ಅವ್ವ ನನ್ನನ್ನು ನೀರಿನ ಹತ್ತಿರ ಬಿಡಲಿಲ್ಲ. ಈಜು ಬರದೆ ಹೋದ ಹುಡುಗನ ಕಾರಣಕ್ಕೆ ಇನ್ನೊಬ್ಬ ಹುಡುಗ ಈಜು ಕಲಿಯದೆ ಬೆಳೆದ. ಇಂದಿಗೂ ಬಾರದು. ಹೊಳೆ ಕಣ್ಣೆದುರಿಗೇ ಇತ್ತು, ಅದು ಏರಿದ ದಿನ ನನ್ನನ್ನು ನಾನು ಉಳಿಸಿಕೊಳ್ಳುವ ಬಗೆ ಮಾತ್ರ ಗೊತ್ತಿರಲಿಲ್ಲ. ಇದನ್ನು ಅವರಿಗೆ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ಅವರ ಕಥೆ ಏನಿತ್ತೋ, ನಾನು ಕೇಳಲಿಲ್ಲ.

ಮೊನ್ನೆ ಅವರ ಊರಿನ ಕಡೆ ಹೋಗಿದ್ದೆ. ಹೊಲದ ಭಾವಿಯ ಕಟ್ಟೆಯ ಮೇಲೆ ಹುಡುಗಿಯ ಅಜ್ಜ ಹಗ್ಗದ ತುದಿ ಮುಂಗೈಗೆ ಸುತ್ತಿಕೊಂಡು ಕುಳಿತಿದ್ದರು. ಇನ್ನೊಂದು ತುದಿ ಅವಳ ನಡುವಿಗೆ. ಬೆನ್ನಿಗೆ ಬೆಂಡು. "ಕಾಲ್ ಬಡೀ, ಕಾಲ್ ಬಡೀ" ಎಂದು ಅಜ್ಜ ಕೂಗುತ್ತಿದ್ದರೆ ಭಾವಿಯ ನೀರೆಲ್ಲ ಕಟ್ಟೆಯ ತನಕ ಚಿಮ್ಮುತ್ತಿತ್ತು. ತಂದೆ ಒಂದು ಮಾರು ದೂರ ನಿಂತಿದ್ದರು, ಭಾವಿಗೆ ಬೆನ್ನು ತಿರುಗಿಸಿ. ನನ್ನನ್ನು ಕಂಡು, "ಹಗ್ಗ ಗಟ್ಟಿ ಐತೇನು ಅಂತ ಒಂದಿಷ್ಟು ನೋಡಿ ಬರ್ರಿ ಸರ" ಎಂದರು.