ಸ್ಪೈಡರ್‌ಮ್ಯಾನ್ ಮತ್ತು ಮರುಬೋಧನೆ

ನಿಮ್ಮ ಆದರ್ಶ ಶಿಕ್ಷಕರು ಯಾರೆಂದು ಕೇಳಿದರೆ ನಾವು ಪ್ರಶಿಕ್ಷಣಾರ್ಥಿಗಳು ಸಾವಿತ್ರಿಬಾಯಿ ಫುಲೆ, ಡಾ. ರಾಧಾಕೃಷ್ಣನ್ ಅವರ ಹೆಸರು ಬರೆಯುತ್ತೇವೆ. ಆದರೆ ಅವರನ್ನು ನಾವು ತಿಳಿದಿರುವುದು ಸಾಧನೆಯ ಎತ್ತರದಲ್ಲಿ. ಇನ್ನೂ ಕಲಿಯುತ್ತಿರುವವನು ಹೇಗಿರುತ್ತಾನೆಂದು ನೋಡಲು ನನಗೆ ನೆರವಾದವನು ತೆರೆಯ ಮೇಲಿನ ಸ್ಪೈಡರ್‌ಮ್ಯಾನ್. ಇದು ಹುಡುಗಾಟದ ಮಾತಲ್ಲ.

2002ರ ಚಿತ್ರದಲ್ಲಿ ಟೋಬಿ ಮಗ್ವಾಯರ್ ಅಭಿನಯಿಸಿದ ಪೀಟರ್ ಪಾರ್ಕರ್‌ಗೆ ಜೇಡ ಕಚ್ಚಿದ ಮೇಲೂ ಬಲೆ ಬೀಸಲು ಬರುವುದಿಲ್ಲ. ಬೆರಳುಗಳನ್ನು ಬಗೆಬಗೆಯಾಗಿ ಮಡಚಿ ನೋಡುತ್ತಾನೆ. ಮೊದಲ ಸಲ ಜೋತಾಡಿದಾಗ ಹೋಗಿ ಗೋಡೆಗೆ ಬಡಿಯುತ್ತಾನೆ. ಶಕ್ತಿ ದೊರೆತದ್ದು ಆಕಸ್ಮಿಕ, ಕೌಶಲ ಬಂದದ್ದು ಅಭ್ಯಾಸದಿಂದ. ‘ಶಿಕ್ಷಕರು ಹುಟ್ಟಿಬರುತ್ತಾರೆ’ ಎನ್ನುವವರಿಗೆ ನನ್ನ ಉತ್ತರವೂ ಇದೇ.

2017ರ ‘ಹೋಮ್‌ಕಮಿಂಗ್’ನಲ್ಲಿ ಟಾಮ್ ಹಾಲೆಂಡ್‌ನ ಪೀಟರ್‌ನಿಂದ ಟೋನಿ ಸ್ಟಾರ್ಕ್ ತಾನು ಕೊಟ್ಟಿದ್ದ ಆಧುನಿಕ ಉಡುಪನ್ನು ಹಿಂದಕ್ಕೆ ಪಡೆಯುತ್ತಾನೆ. ಕೊನೆಗೆ ಪೀಟರ್ ಮನೆಯಲ್ಲೇ ಹೊಲಿದುಕೊಂಡ ಬಟ್ಟೆಯಲ್ಲಿ ಹೋರಾಡಬೇಕಾಗುತ್ತದೆ. ವಿದ್ಯುತ್ ಹೋಗಿ ಸ್ಮಾರ್ಟ್ ಬೋರ್ಡ್ ಆರಿದಾಗ ನಮ್ಮ ಕೈಯಲ್ಲಿ ಉಳಿಯುವುದು ಸೀಮೆಸುಣ್ಣ ಮತ್ತು ವಿಷಯಜ್ಞಾನ. ಉಪಕರಣಗಳು ಬೇಕು, ಆದರೆ ಅವು ಶಿಕ್ಷಕನಿಗೆ ಬದಲಿಯಲ್ಲ.

ಅತಿಮಾನವ ನಾಯಕ ಒಂಟಿಯಾಗಿ ಎಲ್ಲವನ್ನೂ ಗೆಲ್ಲುತ್ತಾನೆ, ಅಂಥವನು ಶಿಕ್ಷಕರಿಗೆ ಮಾದರಿಯಾಗಬಾರದು ಎಂಬ ಆಕ್ಷೇಪವಿದೆ. ಅದು ನ್ಯಾಯವಾದದ್ದೇ. ಆದರೆ 2004ರ ಚಿತ್ರದಲ್ಲಿ ಎಲ್ಲ ಭಾರವನ್ನೂ ಒಬ್ಬನೇ ಹೊತ್ತ ಪೀಟರ್ ಬಳಲಿ, ತರಗತಿಯಲ್ಲೂ ಹಿಂದೆ ಬಿದ್ದು, ಕೊನೆಗೆ ಶಕ್ತಿಯನ್ನೇ ಕಳೆದುಕೊಳ್ಳುತ್ತಾನೆ. 2021ರ ‘ನೋ ವೇ ಹೋಮ್’ನಲ್ಲಿ ಮೂವರು ಪೀಟರ್‌ಗಳು ಪ್ರಯೋಗಾಲಯದಲ್ಲಿ ಒಟ್ಟಿಗೆ ಕುಳಿತು ಎದುರಾಳಿಗಳನ್ನು ಗುಣಪಡಿಸುವ ದಾರಿ ಹುಡುಕುತ್ತಾರೆ. ಸಹಪಾಠಿ ವೀಕ್ಷಣೆಯ ಹುರುಳೂ ಅದೇ ಅಲ್ಲವೇ?

ಇನ್ನು ನಮ್ಮ ವಿಷಯಕ್ಕೆ ಬರೋಣ. ಸೂಕ್ಷ್ಮ ಬೋಧನೆಯ 36 ನಿಮಿಷಗಳ ಚಕ್ರದಲ್ಲಿ ಬೋಧನೆಗೆ 6, ಹಿಮ್ಮಾಹಿತಿಗೆ 6, ಮರುಯೋಜನೆಗೆ 12, ಮರುಬೋಧನೆಗೆ 6, ಮರುಹಿಮ್ಮಾಹಿತಿಗೆ 6 ನಿಮಿಷ. ಅಂದರೆ ಅತಿ ಹೆಚ್ಚು ಸಮಯ ಸಿಗುವುದು ತಿದ್ದಿಕೊಳ್ಳುವ ಯೋಚನೆಗೆ. ಶಾಲೆಯ ಬೋಧನಾಭ್ಯಾಸಕ್ಕೆ ಹೋದಾಗ ಈ ಚಕ್ರ ಅರ್ಧಕ್ಕೇ ನಿಲ್ಲುತ್ತದೆ. ವೀಕ್ಷಕರು ಅಭಿಪ್ರಾಯ ಬರೆಯುತ್ತಾರೆ, ನಾವು ಸಹಿ ಮಾಡಿಸಿಕೊಂಡು ಮುಂದಿನ ಪಾಠಯೋಜನೆಗೆ ಹೋಗುತ್ತೇವೆ. ಗೋಡೆಗೆ ಬಡಿದವನು ಮತ್ತೆ ಜಿಗಿಯುವ ಅವಕಾಶವೇ ಅಲ್ಲಿಲ್ಲ.

ಆದ್ದರಿಂದ ಒಂದು ಸಲಹೆ: ಪ್ರತಿಯೊಬ್ಬ ಪ್ರಶಿಕ್ಷಣಾರ್ಥಿಯೂ ಕನಿಷ್ಠ ಒಂದು ಪಾಠವನ್ನು, ಬಂದ ಹಿಮ್ಮಾಹಿತಿಯಂತೆ ತಿದ್ದಿ, ಅದೇ ತರಗತಿಯ ಇನ್ನೊಂದು ವಿಭಾಗದಲ್ಲಿ ಮತ್ತೆ ಬೋಧಿಸಲಿ. ಎರಡೂ ಪಾಠಗಳನ್ನು ಒಬ್ಬರೇ ವೀಕ್ಷಿಸಲಿ. ಏನು ಬದಲಾಯಿತೆಂಬುದಕ್ಕೂ ಅಂಕವಿರಲಿ. ಅಧ್ಯಾಪಕರು ವೇಳಾಪಟ್ಟಿಯಲ್ಲಿ ಇದಕ್ಕೆ ಜಾಗ ಮಾಡಿಕೊಟ್ಟರೆ ಸಾಕು. ನಾಳೆ ನಮ್ಮ ಎದುರು ಕೂರುವ ಮಕ್ಕಳಿಗೆ ಬೇಕಾದದ್ದು ತಪ್ಪೇ ಮಾಡದ ಶಿಕ್ಷಕರಲ್ಲ, ನಿನ್ನೆಗಿಂತ ಇಂದು ಚೆನ್ನಾಗಿ ಕಲಿಸುವವರು.